ಒಡ್ಡಿನ ಕೆಳಗಿನ ನೀರು

ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರುಗಳು ನನ್ನನ್ನು ಕಂಡರೆ ಕೇಳುವುದು ಎರಡೇ ವಿಷಯ: ಬಡ್ತಿ ಯಾವಾಗ ಸಿಗುತ್ತದೆ, ಬೇಡದ ಊರಿಗೆ ವರ್ಗವಾದರೆ ತಪ್ಪಿಸಿಕೊಳ್ಳುವುದು ಹೇಗೆ. ಎರಡರಲ್ಲೂ ನಾನು ಜಾಣೆಯಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕು ದಾಟಿ ನಾನೆಲ್ಲೂ ಕೆಲಸ ಮಾಡಲಿಲ್ಲ. ಚರಂಡಿ, ಕುಡಿಯುವ ನೀರಿನ ಪೈಪು, ಸ್ಮಶಾನದ ಕಾಂಪೌಂಡು, ಬಸ್ ನಿಲ್ದಾಣದ ಶೌಚಾಲಯ, ಬಹುಪಾಲು ಇಂಥವೇ. ಜನ ನಿಂತು ನೋಡಿ ಮೆಚ್ಚುವ ಕೆಲಸ ಅಂತ ಮಾಡಿದ್ದು ಒಂದೇ ಒಂದು. ಹೊಳೆ ದಂಡೆಯಲ್ಲಿ ಒಂದು ಉದ್ಯಾನ, ಯಾರು ಬೇಕಾದರೂ ಬಂದು ದೋಣಿಯಲ್ಲಿ ಕೂತು ತಾವೇ ಹುಟ್ಟು ಹಾಕಬಹುದಾದ ಜಾಗ. ಅಲ್ಲಿ ಒಬ್ಬ ಮನುಷ್ಯ ಸತ್ತ. ಬರೆಯಬೇಕಾದದ್ದು ಅದನ್ನೇ.

ಊರಿನ ಹೆಸರು ಬರೆಯುವುದಿಲ್ಲ. ಅರ್ಕಾವತಿಯ ದಂಡೆಯ ಮೇಲಿದೆ ಅಂದರೆ ಸಾಕು, ಅಲ್ಲಿನವರಿಗೆ ಗೊತ್ತಾಗುತ್ತದೆ. ಬೇರೆಯವರಿಗೆ ಗೊತ್ತಾಗಬೇಕಾದ ಅಗತ್ಯವಿಲ್ಲ.

ಅದಕ್ಕೂ ಮೊದಲು ರಂಗನಾಥ ಸಾಹೇಬರ ವಿಷಯ ಹೇಳಬೇಕು. ನಾನು ಮಾಗಡಿ ತಾಲ್ಲೂಕಿನ ಕಲ್ಯದವಳು. ಅಪ್ಪ ರಾಗಿ ಬೆಳೆಯುತ್ತಿದ್ದರು, ಮಾಗಡಿ ಪೇಟೆಯಲ್ಲಿ ಸಣ್ಣದೊಂದು ವಿಭೂತಿ, ಊದುಬತ್ತಿಯ ಅಂಗಡಿ ಇತ್ತು. ಆ ಮನೆಯಿಂದ ಡಿಪ್ಲೊಮಾ ಓದಿ ಕಿರಿಯ ಇಂಜಿನಿಯರಾಗಿ ಚನ್ನಪಟ್ಟಣಕ್ಕೆ ಬಂದಾಗ ನನಗೆ ಮೇಲಧಿಕಾರಿಯಾಗಿದ್ದವರು ರಂಗನಾಥ ಸಾಹೇಬರು. ಆಗ ಮಟ್ಟ ನೋಡುವುದೆಂದರೆ ಮೂರು ಕಾಲಿನ ಮೇಲೆ ದುರ್ಬೀನು ಇಟ್ಟು, ದೂರದಲ್ಲಿ ಒಬ್ಬರು ಹಿಡಿದು ನಿಂತ ಅಳತೆಗೋಲನ್ನು ಓದಿ, ಪುಸ್ತಕದಲ್ಲಿ ಬರೆದುಕೊಳ್ಳುವುದು. ಅದನ್ನು ಅವರೇ ಬಿಸಿಲಲ್ಲಿ ನಿಂತು ಕಲಿಸಿದರು. ಕಲಿತ ಮೇಲೂ ನಾನು ಒಂದು ಬೀದಿಯ ಚರಂಡಿಗೆ ಹಿಂದಿನ ಓದನ್ನು ಮುಂದಿನ ಕಾಲಂನಲ್ಲಿ ಬರೆದುಬಿಟ್ಟೆ. ಚರಂಡಿಯ ಇಳಿಜಾರು ಊರಾಚೆಗೆ ಇರುವ ಬದಲು ಊರೊಳಕ್ಕೆ ತಿರುಗಿತು. ಮೊದಲ ಮಳೆಗೇ ಕೊಚ್ಚೆ ನೀರು ಎಂಟು ಹತ್ತು ಮನೆಗಳ ಅಡುಗೆ ಕೋಣೆಗೆ ನುಗ್ಗಿತು. ಬೀದಿಯವರು ನನ್ನನ್ನು ಸುತ್ತುಗಟ್ಟಿದಾಗ ಸಾಹೇಬರು ಜೀಪಿನಿಂದ ಇಳಿದು ಬಂದು, ಮಟ್ಟ ಕೊಟ್ಟಿದ್ದು ನಾನು, ಈ ಹುಡುಗಿಯನ್ನು ಕೇಳಬೇಡಿ ಅಂದರು. ಅವರಿಗೆ ಮೆಮೊ ಬಂತು. ಆಮೇಲೆ ಒಂದು ದಿನವೂ ಅದನ್ನು ನನ್ನ ಮುಂದೆ ಎತ್ತಲಿಲ್ಲ. ಆ ಉಪಕಾರ ನನ್ನ ಮನಸ್ಸಿನಲ್ಲಿ ಎಷ್ಟು ಭಾರವಾಗಿ ಕೂತಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಉದ್ಯಾನದ ಕೆಲಸ ಬಂದಾಗ ನನಗೆ ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು, ಸಾಹೇಬರಿಗೆ ಇನ್ನೂ ಕಡಿಮೆ. ಅವರು ಕಾರ್ಯಪಾಲಕ ಇಂಜಿನಿಯರಾಗಿದ್ದರು, ನಾನು ಮತ್ತೆ ಅವರ ಕೈಕೆಳಗೇ ಬಂದಿದ್ದೆ.

ಆ ಹೊಳೆ ದಂಡೆಯನ್ನು ಮೊದಲ ಸಲ ನೋಡಿದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಕಟ್ಟಡ ಒಡೆದ ಇಟ್ಟಿಗೆ ಚೂರು, ಕೋಳಿ ಅಂಗಡಿಯ ತ್ಯಾಜ್ಯ, ಹರಿದ ಹಾಸಿಗೆ. ನೀರಿನ ಮೇಲೆ ಅಂತರಗಂಗೆ ಕಳೆ ಹಸಿರು ಹಾಸಿಬಿಟ್ಟಿತ್ತು. ಊರಿನವರೇ ಒಂದು ಸಮಿತಿ ಮಾಡಿಕೊಂಡು, ಭಾನುವಾರ ಭಾನುವಾರ ಗುದ್ದಲಿ ಹಿಡಿದು ಬಂದು, ಒಂದು ಇಡೀ ಬೇಸಿಗೆ ಆ ಕಸ ಎತ್ತಿದರು. ಕೊಳಚೆ ನೀರಿನ ಕಾಲುವೆಯನ್ನು ಹೊಳೆಗೆ ಬಿಡದೆ ಪೈಪಿನಲ್ಲಿ ಶುದ್ಧೀಕರಣ ಘಟಕಕ್ಕೆ ತಿರುಗಿಸುವ ಕೆಲಸ ನನ್ನದಾಗಿತ್ತು. ಅದನ್ನು ಸರಿಯಾಗಿಯೇ ಮಾಡಿದೆ. ಎರಡನೇ ಮಳೆಗಾಲ ಕಳೆಯುವ ಹೊತ್ತಿಗೆ ಅಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲಬಹುದಾಗಿತ್ತು.

ಜವರಯ್ಯನ ಪರಿಚಯವಾದದ್ದು ಅಲ್ಲಿಯೇ. ಐವತ್ತು ದಾಟಿದವನು, ಒಣಗಿದ ಮೈ, ಅಗಲವಾದ ಅಂಗೈ. ಸೇತುವೆ ಬರುವ ಮುಂಚೆ ಅವನ ಅಪ್ಪ, ಆಮೇಲೆ ಅವನು, ಹರಿಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಸೇತುವೆ ಬಂದ ಮೇಲೆ ಮರಳು ತೆಗೆದ, ಮೀನು ಹಿಡಿದ, ಕೊನೆಗೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಗೂಡು ಬೇಯಿಸುವ ಕೆಲಸಕ್ಕೆ ಸೇರಿ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡ. ಉದ್ಯಾನದ ಸುದ್ದಿ ಕೇಳಿ ಅದನ್ನು ಬಿಟ್ಟು ಬಂದು, ಕೂಲಿಗೆ ಸೇರಿಕೊಳ್ಳುತ್ತೇನೆ ಎಂದ. ಹೊಳೆಯ ಯಾವ ಜಾಗದಲ್ಲಿ ಬಂಡೆ, ಎಲ್ಲಿ ಕೆಸರು, ಎಲ್ಲಿ ಕಾಲು ಹುಗಿಯುತ್ತದೆ ಎಂಬುದನ್ನು ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ. ಕಚೇರಿಯ ಹೊಸಬರು ಡ್ರೋನ್ ಹಾರಿಸಿ ಬಣ್ಣಬಣ್ಣದ ನಕ್ಷೆ ಮಾಡಿಕೊಟ್ಟಿದ್ದರು. ಬಹಳ ಅಂದವಾಗಿತ್ತು. ನೀರಿನ ಅಡಿಯಲ್ಲಿ ಏನಿದೆ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಜವರಯ್ಯನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು, ಬಿದಿರು ಇಳಿಸಿ ಆಳ ನೋಡಿ, ನಾನೇ ಪುಸ್ತಕದಲ್ಲಿ ಬರೆದುಕೊಂಡೆ.

ಬೇಸಿಗೆಯಲ್ಲೂ ದೋಣಿ ತೇಲಬೇಕಾದರೆ ನೀರು ನಿಲ್ಲಬೇಕು. ಅದಕ್ಕಾಗಿ ಹೊಳೆಗೆ ಅಡ್ಡಲಾಗಿ ಆಳೆತ್ತರದ ಒಂದು ಕಾಂಕ್ರೀಟ್ ಒಡ್ಡು ಕಟ್ಟಿದೆವು. ನೀರು ಅದರ ತಲೆಯ ಮೇಲಿಂದ ಒಂದೇ ಹಾಳೆಯಂತೆ ಉದ್ದಕ್ಕೂ ಬೀಳುತ್ತಿತ್ತು. ನೋಡಲು ಚಂದ. ಫೋಟೊ ತೆಗೆಯಲು ಜನ ಅಲ್ಲಿಗೇ ಬರುತ್ತಿದ್ದರು.

ಒಡ್ಡು ಮುಗಿದ ವಾರದಲ್ಲಿ ಜವರಯ್ಯ ನನ್ನನ್ನು ಅದರ ಕೆಳಗಿನ ದಡಕ್ಕೆ ಕರೆದುಕೊಂಡು ಹೋದ. ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ನೀರು ಬೀಳುವ ಜಾಗಕ್ಕೆ ಎಸೆದ. ಅದು ಮುಳುಗಿತು, ಸ್ವಲ್ಪ ಮುಂದೆ ಎದ್ದಿತು, ಎದ್ದದ್ದು ಹೊಳೆಯ ಜೊತೆ ಮುಂದಕ್ಕೆ ಹೋಗದೆ ವಾಪಸ್ಸು ಒಡ್ಡಿನ ಕಡೆಗೇ ಬಂತು, ಮತ್ತೆ ಮುಳುಗಿತು. ನಾವು ದಂಡೆಯ ಮೇಲಿನ ಅಂಗಡಿಗೆ ಹೋಗಿ ಟೀ ಕುಡಿದು ಬಂದೆವು. ಕ್ಯಾನು ಅದೇ ಜಾಗದಲ್ಲಿ ಮುಳುಗಿ ಏಳುತ್ತಿತ್ತು.

“ನೋಡಿ ಮೇಡಮ್ಮೋರೆ,” ಅಂದ ಜವರಯ್ಯ. “ಮೇಲ್ಗಡೆ ನೀರು ಸಾಧು. ಇಲ್ಲಿ ಅಂಗಲ್ಲ. ಇಂದಕ್ಕೆ ತಿರುಗ್ತೈತೆ. ಬಿದ್ದೋನ್ನ ಬುಡಾಕಿಲ್ಲ ಇದು. ಈಜು ಬಂದ್ರೂ ಅಷ್ಟೆಯ.”

ಆ ದಿನವೇ ಕಚೇರಿಗೆ ಬಂದು ಟಿಪ್ಪಣಿ ಬರೆದೆ. ಒಡ್ಡಿನ ಕೆಳಮುಖಕ್ಕೆ ದೊಡ್ಡ ಬಂಡೆಗಳನ್ನು ಇಳಿಜಾರಾಗಿ ತುಂಬಬೇಕು, ಆಗ ನೀರು ಧುಮುಕದೆ ಜಾರಿಕೊಂಡು ಹೋಗುತ್ತದೆ, ಹಿಂದಕ್ಕೆ ತಿರುಗುವುದಿಲ್ಲ. ಒಡ್ಡಿಗಿಂತ ಸಾಕಷ್ಟು ಮೇಲೆ, ಈ ದಡದಿಂದ ಆ ದಡಕ್ಕೆ ತೇಲುಬುರುಡೆ ಕಟ್ಟಿದ ಹಗ್ಗ ಎಳೆಯಬೇಕು. ಇವೆರಡೂ ಮುಗಿಯುವವರೆಗೆ ದೋಣಿ ಬಿಡಬಾರದು. ಟಿಪ್ಪಣಿಯ ಸಾರಾಂಶವನ್ನು ಅಭ್ಯಾಸಬಲದಿಂದ ನನ್ನ ಮಟ್ಟದ ಪುಸ್ತಕದಲ್ಲೂ ಬರೆದು ಕೆಳಗೆ ಸಾಹೇಬರ ಸಣ್ಣ ಸಹಿ ಹಾಕಿಸಿಕೊಂಡೆ.

ಸಾಹೇಬರು ಓದಿದರು. ಕೆಟ್ಟವರಲ್ಲ, ಓದಿ ಅರ್ಥ ಮಾಡಿಕೊಂಡರು. ಉದ್ಘಾಟನೆಯ ದಿನ ಮೇಲಿನಿಂದ ನಿಗದಿಯಾಗಿಬಿಟ್ಟಿದೆ, ಹಗ್ಗ ಈಗ ಹಾಕಿಸೋಣ, ಬಂಡೆ ಎರಡನೇ ಹಂತದಲ್ಲಿ ನೋಡೋಣ ಅಂದರು. ಕಾಮಗಾರಿ ಪೂರ್ಣಗೊಂಡಿದೆ, ಸಾರ್ವಜನಿಕ ಬಳಕೆಗೆ ಯೋಗ್ಯವಾಗಿದೆ ಎಂಬ ಪ್ರಮಾಣಪತ್ರವನ್ನು ನನ್ನ ಮುಂದಿಟ್ಟರು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನಾನು ಸಹಿ ಹಾಕಿದೆ. ಎರಡನೇ ಹಂತ ಅಂತ ಕಡತದಲ್ಲಿ ಬರೆದ ಕೆಲಸಗಳು ಏನಾಗುತ್ತವೆ ಎಂಬುದು ಅಷ್ಟು ವರ್ಷ ಕೆಲಸ ಮಾಡಿದ ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮೊದಲ ಕೆಲವು ತಿಂಗಳು ಚೆನ್ನಾಗಿ ನಡೆಯಿತು, ಅದನ್ನೂ ಹೇಳಬೇಕು. ಜವರಯ್ಯನನ್ನೇ ದೋಣಿಗಳ ಉಸ್ತುವಾರಿಗೆ ನೇಮಿಸಿಕೊಂಡರು. ಖಾಕಿ ಅಂಗಿ, ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ಟು. ಮರದ ಹುಟ್ಟುಗಳನ್ನು ಚನ್ನಪಟ್ಟಣದಲ್ಲಿ ಮಾಡಿಸಿದ್ದೆವು. ಸಂಜೆ ಹೊತ್ತು ನೂಲು ಕಾರ್ಖಾನೆಗಳಿಂದ ಕೆಲಸ ಮುಗಿಸಿದ ಹೆಂಗಸರು ಕೈಯಲ್ಲಿ ಗೂಡಿನ ವಾಸನೆ ಹಾಗೇ ಇಟ್ಟುಕೊಂಡು ಬರುತ್ತಿದ್ದರು. ನೀರು ಅಂದರೆ ಹೊರುವುದು, ಒಗೆಯುವುದು ಅಂತ ತಿಳಿದಿದ್ದವರು ಸೀರೆ ಎತ್ತಿ ಕಟ್ಟಿ ದೋಣಿಯಲ್ಲಿ ಕೂತು ಹುಟ್ಟು ಹಾಕಿದರು. ಜವರಯ್ಯ ಒಬ್ಬೊಬ್ಬರಿಗೂ ಜಾಕೆಟ್ಟಿನ ಪಟ್ಟಿ ತಾನೇ ಎಳೆದು ನೋಡಿ ಬಿಡುತ್ತಿದ್ದ. ಅವನ ಹೆಂಡತಿ ಕೆಂಪಮ್ಮ ದಂಡೆಯ ಮೇಲೆ ಕಡಲೆಕಾಯಿ ಮಾರಲು ಕೂರುತ್ತಿದ್ದಳು. ಎಷ್ಟು ಕರೆದರೂ ದೋಣಿಗೆ ಕಾಲಿಡುತ್ತಿರಲಿಲ್ಲ. ತವರೂರು ಬೈರಾಪಟ್ಟಣದಲ್ಲಿ ಕೆರೆಗೂ ಇಳಿದವಳಲ್ಲವಂತೆ.

ಮಳೆ ಶುರುವಾದ ಮೇಲೆ ಒಂದು ವಾರದ ಕೆಂಪು ನೀರಿನಲ್ಲಿ ದೊಡ್ಡ ಮರದ ಕೊಂಬೆಯೊಂದು ತೇಲಿ ಬಂದು ತೇಲುಬುರುಡೆಯ ಹಗ್ಗಕ್ಕೆ ಸಿಕ್ಕಿ, ಹಗ್ಗ ಹರಿದುಹೋಯಿತು. ಹೊಸದಕ್ಕೆ ಬರೆದೆ. ಅದು ಬರುವ ಮೊದಲು ಭಾನುವಾರ ಬಂತು.

ಆ ಭಾನುವಾರ ನಾನು ಅಲ್ಲಿದ್ದೆ. ಮಳೆ ಬಿಟ್ಟು ಬಿಸಿಲು ಬಂದಿತ್ತು, ಜನ ಬೆಳಿಗ್ಗೆಯಿಂದ ಸಾಲು ನಿಂತಿದ್ದರು. ಜವರಯ್ಯ ಬಂದು, “ಇವತ್ತು ಬ್ಯಾಡ ಕಣಿ. ಹಗ್ಗ ಇಲ್ಲ, ನೀರು ಒಸಿ ಬಿರುಸಾಗೈತೆ,” ಅಂದ. ಬೇಡ ಅನ್ನುವ ಅಧಿಕಾರ ನನಗಿತ್ತು. ಸಾಲಿನಲ್ಲಿ ನಿಂತವರ ಮುಖ ನೋಡಿದೆ, ಗಲಾಟೆಯಾಗುತ್ತದೆ ಅನ್ನಿಸಿತು. ಮೇಲ್ಭಾಗದಲ್ಲೇ ಓಡಾಡಿಸು, ಒಡ್ಡಿನ ಕಡೆ ಯಾರನ್ನೂ ಬಿಡಬೇಡ ಎಂದು ಹೇಳಿದೆ. ಅವನು ಜಾಕೆಟ್ಟುಗಳನ್ನು ಎತ್ತಿಕೊಂಡು ಸಾಲಿನ ಕಡೆ ಹೋದ.

ಸುಮಾರು ನಾಲ್ಕು ಗಂಟೆಗೆ ಗಂಡ ಹೆಂಡತಿ ಇಬ್ಬರಿದ್ದ ದೋಣಿಯೊಂದು ನಡುಹೊಳೆಗೆ ಹೋಗಿ ತಿರುಗಲಾರದೆ ಕೆಳಕ್ಕೆ ಜಾರತೊಡಗಿತು. ರಾಮನಗರದ ಕಡೆಯ ಹೊಸ ಜೋಡಿ. ಹುಟ್ಟು ಗಂಡನ ಕೈತಪ್ಪಿ ಹೋಗಿತ್ತು. ಜವರಯ್ಯ ಹರಿಗೋಲು ತೆಗೆದುಕೊಂಡು ಹೊರಟ. ಅವನು ಹತ್ತಿರವಾಗುವಷ್ಟರಲ್ಲಿ ದೋಣಿ ಒಡ್ಡಿನ ತಲೆಗೆ ಅಡ್ಡಲಾಗಿ ತಾಗಿ ಮಗುಚಿತು. ಗಂಡ ಒಡ್ಡಿನ ಅಂಚನ್ನೇ ತಬ್ಬಿ ಉಳಿದುಕೊಂಡ. ಹೆಂಡತಿ ಕೆಳಕ್ಕೆ ಬಿದ್ದಳು. ಬಿದ್ದ ರಭಸಕ್ಕೆ ಅವಳ ಜಾಕೆಟ್ಟಿನ ಕೊಕ್ಕೆ ಮುರಿದು, ಜಾಕೆಟ್ಟು ಒಂದು ಕಡೆ, ಅವಳು ಒಂದು ಕಡೆ ಆದಳು.

ಜವರಯ್ಯ ಹರಿಗೋಲನ್ನು ದಡಕ್ಕೆ ಗುದ್ದಿಸಿ, ಕೆಳಗಿನ ದಂಡೆಗೆ ಓಡಿದ. ನಾನು ಅವನಿಗಿಂತ ಹತ್ತು ಹೆಜ್ಜೆ ಹಿಂದೆ ಇದ್ದೆ. ಅವನು ತನ್ನ ಜಾಕೆಟ್ಟು ಬಿಚ್ಚಿದ್ದನ್ನು ಕಣ್ಣಾರೆ ಕಂಡೆ. ಬಿಚ್ಚಿ ಅವಳ ಕಡೆಗೆ ಎಸೆದ. ಅವಳು ಒಂದು ಸಲ ಮೇಲೆದ್ದಾಗ ಅದು ಕೈಗೆ ಸಿಕ್ಕಿತು, ತಬ್ಬಿಕೊಂಡಳು. ಆದರೂ ನೀರು ಅವಳನ್ನು ಒಡ್ಡಿನ ಕಡೆಗೆ ಎಳೆಯುತ್ತಿತ್ತು. ಆಗ ಅವನು ಇಳಿದ. ಹಿಂದಿನಿಂದ ಹೋಗಿ, ತಾನು ಒಡ್ಡಿನ ಗೋಡೆಗೆ ಕಾಲು ಕೊಟ್ಟು, ಎರಡು ಕೈಯಿಂದ ಅವಳನ್ನು ಮುಂದಕ್ಕೆ ನೂಕಿದ. ಅವಳು ಆ ತಿರುಗುವ ನೀರು ದಾಟಿ ಹೊಳೆಯ ಹರಿವಿಗೆ ಸೇರಿದಳು, ಇನ್ನೂ ಕೆಳಗೆ ಹೊಳೆಯ ಬಂಡೆಗಳ ಬಳಿ ಜನ ದಡಕ್ಕೆ ಎಳೆದುಕೊಂಡರು. ನೂಕಿದವನು ಒಳಗೆ ಹೋದ.

ಮುಂದಿನದನ್ನು ಎಷ್ಟು ಬರೆಯಬೇಕೋ ಗೊತ್ತಿಲ್ಲ. ಅವನ ಖಾಕಿ ಅಂಗಿ ಮೇಲೆ ಕಾಣುತ್ತಿತ್ತು, ಒಡ್ಡಿನ ಬಳಿ ಹೋಗುತ್ತಿತ್ತು, ಮುಳುಗುತ್ತಿತ್ತು, ಮತ್ತೆ ಅದೇ ಜಾಗದಲ್ಲಿ ಕಾಣುತ್ತಿತ್ತು. ಮೊದಲು ಕೈ ಆಡುತ್ತಿತ್ತು. ಹಗ್ಗ ಎಸೆದರು, ಸಿಗಲಿಲ್ಲ. ಆಮೇಲೆ ಕೈ ಆಡಲಿಲ್ಲ. ಒಡ್ಡಿನ ಪಕ್ಕದ ತೂಬು ಎತ್ತಿಸಿ ಮೇಲಿನ ನೀರು ಇಳಿಯುವವರೆಗೆ, ಒಂದು ಗಂಟೆಗೂ ಹೆಚ್ಚು, ಅವನು ಅಲ್ಲಿಯೇ ತಿರುಗುತ್ತಿದ್ದ. ಕೆಂಪಮ್ಮ ಅಷ್ಟೂ ಹೊತ್ತು ದಂಡೆಯಲ್ಲಿ ನಿಂತು ನೋಡಿದಳು. ಅವಳನ್ನು ಆಚೆ ಕರೆದುಕೊಂಡು ಹೋಗಿ ಎಂದು ನಾನು ಯಾರಿಗೋ ಹೇಳಿದೆ. ಅವಳು ಅಲುಗಲಿಲ್ಲ.

ವಿಚಾರಣೆಗೆ ಹೊರಗಿನ ಅಧಿಕಾರಿಯೊಬ್ಬರು ಬಂದರು. ಹಿಂದಿನ ದಿನ ರಂಗನಾಥ ಸಾಹೇಬರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಅವರ ಮುಖ ನೋಡಿ ನನಗೇ ಸಂಕಟವಾಯಿತು, ನಿದ್ದೆ ಮಾಡಿದಂತೆ ಕಾಣಲಿಲ್ಲ. “ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ,” ಅಂದರು. “ನೀನಾಗಿ ಏನೂ ಎತ್ತಬೇಡ. ಆ ಟಿಪ್ಪಣಿ ಈಗ ಕಡತದಲ್ಲಿಲ್ಲ.” ಯಾರು ತೆಗೆದರು ಎಂದು ನಾನು ಕೇಳಲಿಲ್ಲ. ಚನ್ನಪಟ್ಟಣದ ಆ ಬೀದಿ, ಜೀಪಿನಿಂದ ಇಳಿದು ಬಂದ ಮನುಷ್ಯ ಕಣ್ಣ ಮುಂದೆ ಬಂದರು.

ವಿಚಾರಣಾಧಿಕಾರಿ ಹಲವು ಪ್ರಶ್ನೆ ಕೇಳಿದರು. ಅದರಲ್ಲಿ ಒಂದು, ಮೃತನು ನೀರಿಗಿಳಿದಾಗ ಜೀವರಕ್ಷಕ ಜಾಕೆಟ್ ಧರಿಸಿದ್ದನೇ ಎಂಬುದು. ಇಲ್ಲ, ಅಂದೆ. ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.

ವರದಿ ಬಂತು. ಮೃತನ ಸ್ವಂತ ನಿರ್ಲಕ್ಷ್ಯವೇ ಸಾವಿಗೆ ಕಾರಣ, ಸುರಕ್ಷತಾ ಸಾಧನ ಒದಗಿಸಿದ್ದರೂ ಧರಿಸಿರಲಿಲ್ಲ ಎಂದಿತ್ತು. ಊರಲ್ಲಿ ಅದಕ್ಕೆ ಬಾಲ ಬೆಳೆಯಿತು. ಕುಡಿದಿದ್ದನಂತೆ ಅಂದರು. ಜವರಯ್ಯ ಕುಡಿಯುತ್ತಿರಲಿಲ್ಲ. ಕೆಲಸದ ದಿನ ಬೀಡಿಯನ್ನೂ ಸೇದುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಂಪಮ್ಮ ಕಚೇರಿಗೆ ಬಂದಳು. ನನ್ನ ಮೇಜಿನ ಮುಂದೆ ನಿಂತಳು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಗುಮಾಸ್ತರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

“ಜಾಕೀಟು ಆಕಿದ್ನಾ ಅಂತ ಕೇಳುದ್ರಂತೆ. ನೀವು ಇಲ್ಲ ಅಂದ್ರಂತೆ.”

ಹೌದು ಅಂದೆ. ಸುಳ್ಳು ಹೇಳಲಿಲ್ಲ ಎಂದು ಸೇರಿಸಿದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅದನ್ನು ಕೇಳಲಾಗಲಿಲ್ಲ.

“ಸುಳ್ಳಲ್ಲ,” ಅಂದಳು ಕೆಂಪಮ್ಮ. “ಯಾಕಿರ್ನಿಲ್ಲ ಅಂತ ಹೇಳ್ಬೇಕಾಗಿತ್ತು. ನೀವು ಅಲ್ಲೇ ಇದ್ರಿ. ನಾನೂ ಇದ್ದೆ. ನನ್ ಮಾತ್ನ ಯಾರೂ ಬರ್ಕೊಳಾಕಿಲ್ಲ, ನಿಮ್ ಮಾತ್ನ ಬರ್ಕೊತಾರೆ.”

ಇನ್ನೇನೂ ಕೇಳದೆ ಹೊರಟುಹೋದಳು. ಹಣದ ಮಾತು ಎತ್ತಲಿಲ್ಲ, ಅಳಲಿಲ್ಲ.

ಅಂದು ಮಧ್ಯಾಹ್ನವೇ ನಾನು ಸಾಹೇಬರ ಕೋಣೆಗೆ ಹೋಗಿ, ಇನ್ನೊಮ್ಮೆ ಹೇಳಿಕೆ ಕೊಡುತ್ತೇನೆ, ಮಟ್ಟದ ಪುಸ್ತಕವನ್ನೂ ಕೊಡುತ್ತೇನೆ ಎಂದು ತಿಳಿಸಿದೆ. ಅವರ ಬೆನ್ನ ಹಿಂದೆ ಮಾಡಲು ಮನಸ್ಸಾಗಲಿಲ್ಲ. ಪುಸ್ತಕದಲ್ಲಿ ತಮ್ಮ ಸಹಿ ಇದೆ ಎಂಬುದು ಅವರಿಗೆ ನೆನಪಿತ್ತು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದೆ ಎಂದು ಹೇಳುತ್ತಾರೆ, ಬೈಯುತ್ತಾರೆ ಅಂದುಕೊಂಡಿದ್ದೆ.

“ಅವತ್ತು ನಿನ್ನ ಚರಂಡಿಯ ತಪ್ಪು ನನ್ನ ಮೇಲೆ ಹಾಕಿಕೊಂಡಾಗ ಯಾರೂ ಸತ್ತಿರಲಿಲ್ಲ,” ಅಂದರು. “ಅದಕ್ಕೇ ಅಷ್ಟು ಸುಲಭವಾಯ್ತು ಅನ್ನಿಸುತ್ತೆ. ಕೊಡು ಹೋಗು.”

ಆಮೇಲೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ಇವತ್ತಿಗೂ ಇಲ್ಲ.

ವಿಚಾರಣೆ ಮತ್ತೆ ಶುರುವಾಯಿತು. ನಾನು ಕಂಡದ್ದೆಲ್ಲ ಹೇಳಿದೆ: ಜಾಕೆಟ್ಟು, ಹರಿದ ಹಗ್ಗ, ಬೆಳಿಗ್ಗೆ ಜವರಯ್ಯ ಹೇಳಿದ ಮಾತು, ನಾನು ಕೊಟ್ಟ ಉತ್ತರ, ನಾನು ಹಾಕಿದ ಸಹಿ. ಸಾಹೇಬರು ಆರೋಪಪಟ್ಟಿಯೊಂದಿಗೆ ನಿವೃತ್ತರಾದರು. ನನ್ನನ್ನು ಕೆಲವು ತಿಂಗಳು ಅಮಾನತಿನಲ್ಲಿಟ್ಟು, ದರ್ಜೆ ಇಳಿಸಿ ಮಾಗಡಿಗೆ ಕಳಿಸಿದರು. ಬೀಳ್ಕೊಡುಗೆ ಇಲ್ಲದೆಯೇ ಅಲ್ಲಿಂದ ನಿವೃತ್ತಳಾಗಿ ಮನೆಗೆ ಬಂದೆ. ನನಗೆ ಅನ್ಯಾಯವಾಯಿತು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಆ ಮಾತಿಗೆ ನಾನು ತಲೆ ಆಡಿಸಿದವಳಲ್ಲ.

ಒಡ್ಡಿನ ಕೆಳಗೆ ಈಗ ಬಂಡೆಗಳಿವೆ. ಉದ್ಯಾನ ಕೆಲವು ಕಾಲ ಮುಚ್ಚಿತ್ತು, ಮತ್ತೆ ತೆರೆದಿದ್ದಾರೆ. ಹೊಸದಾಗಿ ಸೇರಿದವರಿಗೆ ನಾನು ಹೇಳುವುದಿಷ್ಟೆ: ನೀರು ಕಟ್ಟುವ ಯಾವ ಕೆಲಸಕ್ಕೆ ಹೋದರೂ ಒಡ್ಡಿನ ಕೆಳಗಿನ ದಡದಲ್ಲಿ ಹೋಗಿ ನಿಂತು ನೋಡಿ. ಬಂಡೆ ತುಂಬದೆ ‘ಯೋಗ್ಯವಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಆ ನೀರಿನೊಂದಿಗೆ ಬದುಕಿದವರು ಬೇಡ ಅಂದ ದಿನ ಬಾಗಿಲು ಹಾಕಿ, ಜನ ಬೈದುಕೊಂಡು ಹೋಗಲಿ.

ಎರಡನೇ ವರದಿ ಕೈಗೆ ಬಂದದ್ದು ನಾನು ನಿವೃತ್ತಳಾದ ಮೇಲೆ. ಅದರ ಒಂದು ನಕಲು ತೆಗೆದುಕೊಂಡು ಕೆಂಪಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳು ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಓದಲು ಬರುವುದಿಲ್ಲ, ನೀವೇ ಓದಿ ಅಂದಳು. ಓದಿದೆ. ಮೃತನು ತನ್ನ ಜೀವರಕ್ಷಕ ಜಾಕೆಟ್ಟನ್ನು ಮುಳುಗುತ್ತಿದ್ದ ಮಹಿಳೆಗೆ ನೀಡಿ, ಆಕೆಯನ್ನು ರಕ್ಷಿಸುವ ಪ್ರಯತ್ನದಲ್ಲಿ ಪ್ರಾಣ ಕಳೆದುಕೊಂಡನು, ಆತನ ಕಡೆಯಿಂದ ಯಾವ ನಿರ್ಲಕ್ಷ್ಯವೂ ಕಂಡುಬಂದಿಲ್ಲ. ಆ ಭಾಗವನ್ನು ಇನ್ನೊಂದು ಸಲ ಓದಿಸಿಕೊಂಡಳು. ಕೈ ನಿಲ್ಲಿಸಿ ಕೇಳಿದಳು.

“ನಿಮ್ದೂ ಬರ್ದವ್ರಾ ಅದ್ರಲ್ಲಿ?”

ಬರೆದಿದ್ದಾರೆ ಅಂದೆ.

“ಓದಿ.”

ಅದನ್ನು ಓದುವುದು ಕಷ್ಟವಾಯಿತು. ಅಪಾಯದ ಅರಿವಿದ್ದೂ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು, ಮೃತನು ಎಚ್ಚರಿಸಿದರೂ ದೋಣಿ ಬಿಡಲು ಸೂಚಿಸಿದ್ದು, ಮೊದಲ ಹೇಳಿಕೆಯಲ್ಲಿ ಸತ್ಯಾಂಶ ಮುಚ್ಚಿಟ್ಟಿದ್ದು. ಎಲ್ಲೂ ಬಿಡದೆ ಓದಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಆ ಮನ್ಸ ಬ್ಯಾಡ ಅಂದಿದ್ನಾ ಅವತ್ತು?”

“ಅಂದಿದ್ದ ಕಣವ್ವ.”

ಅದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಡಲೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಎದ್ದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ನನ್ನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದು, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.